ನೆರಳು ಬೇಡುವ ಟೆಂಟ್, ಬಿಸಿಲು ಬೇಡುವ ಪ್ಯಾನೆಲ್

ಶನಿವಾರ ಬೆಳಿಗ್ಗೆ ಮೈಸೂರಿನ ಗೋಕುಲಂ ಮೂರನೇ ಹಂತದ ಬೀದಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಎಳನೀರು ಕುಡಿಯುತ್ತ ನಿಂತ ಪರದೇಶದ ಯೋಗ ವಿದ್ಯಾರ್ಥಿಗಳು, ಕಾಂಟೂರ್ ರಸ್ತೆಯ ಕಡೆಗೆ ವಾಕಿಂಗ್ ಹೊರಟ ನಿವೃತ್ತರು, ಇವರ ನಡುವೆ ಡಿಕ್ಕಿ ತೆರೆದುಕೊಂಡು ನಿಂತ ಒಂದೆರಡು ಕಾರುಗಳು ಕಂಡೇ ಕಾಣುತ್ತವೆ. ಟೆಂಟ್, ಚಾಪೆ, ನೀರಿನ ಕ್ಯಾನು, ಒಂದು ಮೂಟೆ ಇದ್ದಿಲು ಎಲ್ಲ ಒಳಗೆ ಸೇರುತ್ತವೆ. ಈಚೆಗೆ ಆ ಸಾಲಿಗೆ ಇನ್ನೊಂದು ಸಾಮಾನು ಬಂದಿದೆ: ಸೂಟ್‌ಕೇಸಿನ ಹಾಗೆ ಮಡಚಿ ಕೈಯಲ್ಲಿ ಹಿಡಿದು ಒಯ್ಯುವ ಕಪ್ಪು ಸೋಲಾರ್ ಪ್ಯಾನೆಲ್, ಜೊತೆಗೆ ‘ಪವರ್ ಸ್ಟೇಷನ್’ ಎಂಬ ದೊಡ್ಡ ಹೆಸರಿನ ಒಂದು ಬ್ಯಾಟರಿ ಪೆಟ್ಟಿಗೆ. ಕಬಿನಿ ಹಿನ್ನೀರಿನ ಪಕ್ಕದ ತೋಟವೋ, ಕೆಆರ್‌ಎಸ್ ಹಿನ್ನೀರಿನ ದಡದ ಜಮೀನೋ, ಕೊಡಗಿನ ಕಾಫಿ ತೋಟವೋ, ಅಂತೂ ಕರೆಂಟಿಲ್ಲದ ಜಾಗ ಹುಡುಕಿಕೊಂಡು ಹೊರಟವರು ಕರೆಂಟನ್ನು ಜೊತೆಯಲ್ಲೇ ಕಟ್ಟಿಕೊಂಡು ಹೋಗುತ್ತಿದ್ದಾರೆ.

ತಪ್ಪೇನಿಲ್ಲ. ಮಕ್ಕಳಿರುವ ಕಡೆ ರಾತ್ರಿ ಒಂದು ದೀಪ ಬೇಕು, ಮೊಬೈಲ್ ಸತ್ತು ಹೋಗಬಾರದು. ಆದರೆ ಈ ಪ್ಯಾನೆಲ್ ಕೊಳ್ಳುವವರಲ್ಲಿ ಬಹಳ ಜನ ಲೆಕ್ಕ ಹಾಕಿ ಕೊಳ್ಳುತ್ತಿಲ್ಲ, ಮಾತಿಗೆ ಮರುಳಾಗಿ ಕೊಳ್ಳುತ್ತಿದ್ದಾರೆ ಎಂಬುದು ನನ್ನ ಗುಮಾನಿ. “ನೂರು ವ್ಯಾಟ್ ಸಾರ್, ಫ್ರಿಜ್ಜೂ ಓಡುತ್ತೆ” ಎಂದು ಅಂಗಡಿಯವರು ಹೇಳುತ್ತಾರೆ. ಆ ನೂರು ವ್ಯಾಟ್ ಎಲ್ಲಿ, ಯಾವಾಗ, ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳುವವರು ಕಡಿಮೆ.

ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವ ವ್ಯಾಟ್ ಎಂಬುದು ಪ್ರಯೋಗಾಲಯದ ಅಂಕಿ. ಒಂದು ಚದರ ಮೀಟರ್ ಜಾಗದ ಮೇಲೆ 1000 ವ್ಯಾಟ್‌ನಷ್ಟು ಬೆಳಕು ನೇರವಾಗಿ ಬೀಳಬೇಕು, ಆ ಹೊತ್ತಿನಲ್ಲಿ ಪ್ಯಾನೆಲ್ಲಿನ ಸಿಲಿಕಾನ್ ಕೋಶಗಳ ಬಿಸಿ 25 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಷ್ಟಿದ್ದರೆ ನೂರಕ್ಕೆ ನೂರು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಮೈಸೂರಿನಲ್ಲಿ ಬೆಳಕಿಗೇನೂ ಬರವಿಲ್ಲ. ಆದರೆ ಬಿಸಿಲಿನಲ್ಲಿ ಬಿದ್ದ ಕಪ್ಪು ಹಾಳೆಯ ಬಿಸಿ 60 ಡಿಗ್ರಿ ಮುಟ್ಟುತ್ತದೆ. ಒಂದೊಂದು ಡಿಗ್ರಿ ಏರಿದಂತೆಲ್ಲ ಉತ್ಪಾದನೆ ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಅಲ್ಲಿಗೆ ಹನ್ನೆರಡು ವ್ಯಾಟ್ ಹೋಯಿತು. ಸೌರಫಲಕಕ್ಕೆ ಬೇಕಾದದ್ದು ಬೆಳಕು, ಸೆಕೆಯಲ್ಲ ಎಂಬುದನ್ನು ನಾವು ಮರೆತೇಬಿಡುತ್ತೇವೆ. ದೂಳು, ತಂತಿಯ ಉದ್ದ, ಓರೆಯಾಗಿ ಬೀಳುವ ಕಿರಣ, ಚಾರ್ಜ್ ಮಾಡುವಾಗಿನ ನಷ್ಟ ಎಲ್ಲ ಕಳೆದು 65ರಿಂದ 75 ವ್ಯಾಟ್ ಕೈಗೆ ಸಿಕ್ಕರೆ ಅದು ಒಳ್ಳೆಯ ಪ್ಯಾನೆಲ್ಲೇ. ಅಂಗಡಿಗೆ ವಾಪಸ್ ಹೋಗಿ ಜಗಳ ಆಡುವ ಅಗತ್ಯವಿಲ್ಲ.

ಹಾಗೆ ನೋಡಿದರೆ ಈ ವಿದ್ಯೆ ಬಹಳ ದೂರ ಬಂದಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಮೂವರು ವಿಜ್ಞಾನಿಗಳು 1954ರಲ್ಲಿ ಸಿಲಿಕಾನ್ ಸೌರಕೋಶವನ್ನು ಜಗತ್ತಿನ ಮುಂದಿಟ್ಟಾಗ ಅದು ಬಿದ್ದ ಬೆಳಕಿನ ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇವತ್ತು ಮಡಚುವ ಪ್ಯಾನೆಲ್‌ಗಳಲ್ಲಿ ಹಾಕುವ ಒಳ್ಳೆಯ ಕೋಶಗಳು ಶೇ 20 ದಾಟಿವೆ. ಒಂದೊಂದು ಕೋಶ ಕೊಡುವುದು ಅರ್ಧ ವೋಲ್ಟ್‌ಗಿಂತ ತುಸು ಹೆಚ್ಚು, ಅಷ್ಟೇ. ಅಂಥವನ್ನು ಒಂದರ ಬಾಲಕ್ಕೊಂದು ಕಟ್ಟಿ ಬೇಕಾದ ವೋಲ್ಟೇಜ್ ಮಾಡಿಕೊಳ್ಳುತ್ತಾರೆ.

ಸಮಸ್ಯೆ ಹುಟ್ಟುವುದೂ ಈ ಸಾಲಿನಲ್ಲಿಯೇ. ಸರಣಿಯಲ್ಲಿರುವ ಕೋಶಗಳಲ್ಲಿ ಒಂದಕ್ಕೆ ನೆರಳು ಬಿದ್ದರೆ ಇಡೀ ಸಾಲಿನ ಹರಿವಿಗೆ ತಡೆ ಬೀಳುತ್ತದೆ. ಕಾಲುವೆಗೆ ಒಂದು ಕಡೆ ಮಣ್ಣು ಕುಸಿದರೆ ಕೆಳಗಿನ ಗದ್ದೆಗಳೆಲ್ಲ ಒಣಗುವ ಹಾಗೆ. ಹಿನ್ನೀರಿನ ದಡದ ಒಂದು ತೋಟದಲ್ಲಿ ಪ್ಯಾನೆಲ್ ಬಿಡಿಸಿ ಬಂಡೆಗೆ ಒರಗಿಸಿಟ್ಟು ನೋಡಿದ್ದೇನೆ. ಪೆಟ್ಟಿಗೆಯ ಮೇಲಿನ ಅಂಕಿ 70ರ ಆಸುಪಾಸಿನಲ್ಲಿ ಆಡುತ್ತಿತ್ತು. ಪಕ್ಕದ ಹೊಂಗೆಯ ಒಂದು ಟೊಂಗೆ ಗಾಳಿಗೆ ಬಾಗಿ, ಅಂಗೈಯಗಲದ ನೆರಳು ಒಂದು ಮೂಲೆಗೆ ಬಿತ್ತು. ಅಂಕಿ ಮೂವತ್ತಕ್ಕೆ ಕುಸಿಯಿತು. ಟೊಂಗೆ ಸರಿಯಿತು, ಮತ್ತೆ ಎಪ್ಪತ್ತು. ನೆರಳು ಬಿದ್ದ ಭಾಗವನ್ನು ಬಳಸಿಕೊಂಡು ಹೋಗಲು ಬೈಪಾಸ್ ಡಯೋಡ್ ಎಂಬ ಪುಟ್ಟ ಬಿಡಿಭಾಗ ಹಾಕಿರುತ್ತಾರೆ ನಿಜ. ಸಣ್ಣ ಪ್ಯಾನೆಲ್‌ಗಳಲ್ಲಿ ಅದರಿಂದ ಉಳಿಯುವುದು ಅರ್ಧವೋ ಅದಕ್ಕಿಂತ ಕಡಿಮೆಯೋ.

“ಬಿಸಿಲಲ್ಲಿ ಯಾಕೆ ಟೆಂಟ್ ಹಾಕ್ತೀರಾ ಸ್ವಾಮಿ, ಆ ಮಾವಿನ ಮರದ ಕೆಳಗೆ ಹಾಕಿ, ತಂಪಾಗಿರುತ್ತೆ” ಎಂದು ತೋಟದ ಯಜಮಾನರು ಹೇಳುತ್ತಾರೆ. ಅವರು ಹೇಳುವುದು ಸರಿ. ನಮಗೆ ಮಾವಿನ ಮರದಡಿ, ಪ್ಯಾನೆಲ್‌ಗೆ ಬಟಾಬಯಲು. ಆದ್ದರಿಂದಲೇ ಟೆಂಟಿನ ನೆತ್ತಿಗೇ ಪ್ಯಾನೆಲ್ ಹೊದಿಸಿದ ಜಾಹೀರಾತಿನ ಚಿತ್ರಗಳು ನಮ್ಮ ಸೀಮೆಗೆ ಹೊಂದುವುದಿಲ್ಲ. ಏಪ್ರಿಲ್‌ನಲ್ಲಿ ಆ ಟೆಂಟಿನೊಳಗೆ ಐದು ನಿಮಿಷ ಕೂರಲಾಗದು. ಐದಾರು ಮೀಟರ್ ಉದ್ದದ, ತುಸು ದಪ್ಪನೆಯ ತಂತಿ ಇದ್ದರೆ ಪ್ಯಾನೆಲ್ ಬಿಸಿಲಿನಲ್ಲಿ, ಬ್ಯಾಟರಿ ಪೆಟ್ಟಿಗೆ ನಮ್ಮ ಜೊತೆ ನೆರಳಿನಲ್ಲಿ ಇರಬಹುದು. ಕೋತಿಗಳಿರುವ ಜಾಗವಾದರೆ ತಂತಿಯ ಮೇಲೆ ಒಂದು ಕಣ್ಣಿರಲಿ. ಅವಕ್ಕೆ ಚಿಪ್ಸ್ ಪೊಟ್ಟಣಕ್ಕೂ ಕೇಬಲ್‌ಗೂ ದೊಡ್ಡ ಭೇದವಿಲ್ಲ.

ಪ್ಯಾನೆಲ್ ಯಾವ ದಿಕ್ಕಿಗೆ ಮುಖ ಮಾಡಬೇಕು? ಮೈಸೂರು ಇರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು 12.3 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರದು. ಆ ದಿನಗಳಲ್ಲಿ ಪ್ಯಾನೆಲ್ ನೆಲದ ಮೇಲೆ ಮಲಗಿಸಿಟ್ಟರೂ ನಡೆದೀತು. ಕ್ಯಾಂಪಿಂಗ್ ಜೋರಾಗಿರುವ ಡಿಸೆಂಬರ್‌ನಲ್ಲಿ ಮಾತ್ರ ಕತೆ ಬೇರೆ. ಆಗ ನಡುಹಗಲಿನಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಮಲಗಿಸಿಟ್ಟ ಪ್ಯಾನೆಲ್ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ದಕ್ಷಿಣಕ್ಕೆ ಮುಖ ಮಾಡಿ ಮೂವತ್ತೈದು ಡಿಗ್ರಿಯಷ್ಟು ಎತ್ತಿ ನಿಲ್ಲಿಸಬೇಕು. ಕೋನಮಾಪಕ ಬೇಕಾಗಿಲ್ಲ. ಒಂದು ಪೆನ್ಸಿಲ್ಲನ್ನು ಪ್ಯಾನೆಲ್‌ಗೆ ಲಂಬವಾಗಿ ಹಿಡಿಯಿರಿ. ಅದರ ನೆರಳು ಬುಡದಲ್ಲೇ ಅಡಗುವಷ್ಟು ಪ್ಯಾನೆಲ್ ವಾಲಿಸಿದರೆ ಕೆಲಸ ಮುಗಿಯಿತು. ಎರಡು ಗಂಟೆಗೊಮ್ಮೆ ಇದನ್ನೇ ಮಾಡುವ ತಾಳ್ಮೆಯಿದ್ದರೆ ಇನ್ನೂ ಲಾಭ.

ಈಗ ರಾತ್ರಿಯ ಲೆಕ್ಕ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಐದು ವ್ಯಾಟ್‌ನ ಎರಡು ಎಲ್‌ಇಡಿ ಲಾಟೀನು ಐದು ಗಂಟೆ ಉರಿದರೆ 50 ವ್ಯಾಟ್ ಅವರ್. ಈಗಿನ ಒಂದು ಮೊಬೈಲ್ ಖಾಲಿಯಿಂದ ಪೂರ್ತಿ ತುಂಬಲು ನಷ್ಟವೂ ಸೇರಿ 25ರಷ್ಟು ಬೇಕು, ನಾಲ್ಕಕ್ಕೆ 100. ಯುಎಸ್‌ಬಿಯಲ್ಲಿ ತಿರುಗುವ ಎರಡು ಪುಟ್ಟ ಫ್ಯಾನು ರಾತ್ರಿಯಿಡೀ ಓಡಿದರೆ 80. ಕ್ಯಾಮೆರಾ ಬ್ಯಾಟರಿ, ಸಣ್ಣ ಸ್ಪೀಕರ್ ಎಂದು 30 ಇಟ್ಟುಕೊಳ್ಳಿ. ಒಟ್ಟು 260. ಸೆಸ್ಕ್ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಕಾಲು ಯೂನಿಟ್. ಇದಕ್ಕೆ 350ರಿಂದ 400 ವ್ಯಾಟ್ ಅವರ್‌ನ ಪೆಟ್ಟಿಗೆ ಧಾರಾಳ ಸಾಕು. ಮೈಸೂರು ಸೀಮೆಯಲ್ಲಿ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ ಐದು ಗಂಟೆ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬೀಳುತ್ತದೆ. ಆದ್ದರಿಂದ ನೂರು ವ್ಯಾಟ್‌ನ ಪ್ಯಾನೆಲ್ ಇಡೀ ದಿನ ದುಡಿದರೆ 350ರ ಹತ್ತಿರ ಕೊಡುತ್ತದೆ. ಕಾಗದದ ಮೇಲೆ ಎಲ್ಲ ಸರಿಹೋಯಿತು.

ಆದರೆ ಕಾರು ಗೋಕುಲಂನಿಂದ ಹೊರಟದ್ದು ಶನಿವಾರ ಬೆಳಿಗ್ಗೆ ಹತ್ತಕ್ಕೆ. ದಾರಿಯಲ್ಲಿ ತಿಂಡಿ, ನಂಜನಗೂಡಿನಲ್ಲೋ ಹುಣಸೂರಿನಲ್ಲೋ ಒಂದು ದರ್ಶನ, ಒಂದು ಕಾಫಿ. ತೋಟ ತಲುಪಿ, ಊಟ ಮಾಡಿ, ಟೆಂಟ್ ಕಟ್ಟಿ ಪ್ಯಾನೆಲ್ ಬಿಡಿಸುವಾಗ ಮೂರು ಗಂಟೆ. ಇನ್ನು ಉಳಿದದ್ದು ಇಳಿಬಿಸಿಲು. ಕತ್ತಲಾಗುವಷ್ಟರಲ್ಲಿ ನೂರು ವ್ಯಾಟ್ ಅವರ್ ಬಂದರೆ ಪುಣ್ಯ. ಭಾನುವಾರ ಬೆಳಿಗ್ಗೆ ಪ್ಯಾನೆಲ್ ಮತ್ತೆ ಚುರುಕಾಗುವ ಹೊತ್ತಿಗೆ ನಾವು ಟೆಂಟ್ ಮಡಚುತ್ತಿರುತ್ತೇವೆ. ಒಂದು ರಾತ್ರಿಯ ಕ್ಯಾಂಪಿನಲ್ಲಿ ದೀಪ ಉರಿಸುವುದು ಸೂರ್ಯನಲ್ಲ, ಶುಕ್ರವಾರ ರಾತ್ರಿ ಮನೆಯ ಪ್ಲಗ್ಗಿನಲ್ಲಿ ತುಂಬಿಸಿಕೊಂಡ ಬ್ಯಾಟರಿ. ಆರು ರೂಪಾಯಿ ಆಸುಪಾಸಿನ ಯೂನಿಟ್ ದರದಲ್ಲಿ ಅದಕ್ಕೆ ತಗಲುವುದು ಎರಡೂವರೆ ರೂಪಾಯಿ. ಪ್ಯಾನೆಲ್ ಆ ಎರಡು ದಿನ ಫೋಟೊಕ್ಕೆ ಚೆನ್ನಾಗಿ ಕಂಡಿತು, ಅಷ್ಟೇ.

ಹಾಗಾದರೆ ಹೊತ್ತೊಯ್ಯುವ, ಸಣ್ಣ ಪ್ರಮಾಣದ ಈ ಸೌರವಿದ್ಯುತ್ತು ನಿಜವಾಗಿ ಯಾರಿಗೆ ಬೇಕು? ಉತ್ತರ ನಮ್ಮ ಪಿಕ್‌ನಿಕ್ ಜಾಗದಿಂದ ತುಸು ದೂರದಲ್ಲೇ ಇದೆ. ಬಂಡೀಪುರ, ನಾಗರಹೊಳೆಯ ಕಾಡಿನೊಳಗಿನ ಕಳ್ಳಬೇಟೆ ತಡೆ ಶಿಬಿರಗಳನ್ನು ನೆನೆಯಿರಿ. ಆನೆ ನುಗ್ಗದಂತೆ ಸುತ್ತ ಕಂದಕ ತೋಡಿದ ಒಂದು ಪುಟ್ಟ ಕಟ್ಟಡ, ಅದರಲ್ಲಿ ನಾಲ್ಕೈದು ಜನ ವಾಚರ್‌ಗಳು, ಗಾರ್ಡ್‌ಗಳು. ಊರಿನ ಕರೆಂಟ್ ಅಲ್ಲಿಗೆ ಬಾರದು. ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ಲೇ ಅವರ ದೀಪ, ಅವರ ವಾಕಿಟಾಕಿಯ ಜೀವ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಗಸ್ತಿನ ಜಾಡು ದಾಖಲಿಸಲು ‘ಎಂ-ಸ್ಟ್ರೈಪ್ಸ್’ ಎಂಬ ಮೊಬೈಲ್ ಆ್ಯಪ್ ಬಂದ ಮೇಲೆ ಫೋನ್ ಚಾರ್ಜ್ ಎನ್ನುವುದು ಅಲ್ಲಿ ಕರ್ತವ್ಯದ ಭಾಗವೇ ಆಗಿದೆ. ನಮಗೆ ಮೊಬೈಲ್ ಸತ್ತರೆ ರೀಲ್ಸ್ ತಪ್ಪುತ್ತದೆ. ಅವರ ವಾಕಿಟಾಕಿ ಸತ್ತರೆ ಆನೆ ಎದುರಾದಾಗ ಸಹಾಯಕ್ಕೆ ಕೂಗಲು ದಾರಿಯಿಲ್ಲ.

ಕಾಡಂಚಿಗೆ ಬನ್ನಿ. ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯ ಹೊಲಗಳಲ್ಲಿ ಸೋಲಾರ್ ಬೇಲಿ ಸಾಮಾನ್ಯ ನೋಟ. ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ಗೋಡೆಗೆ ನೇತುಹಾಕಿದ ಒಂದು ಪೆಟ್ಟಿಗೆ, ಅಷ್ಟರಿಂದ ಎಕರೆಗಟ್ಟಲೆ ಹೊಲದ ಸುತ್ತಿನ ತಂತಿಗೆ ಸಾವಿರಾರು ವೋಲ್ಟ್! ಇದು ಹೇಗೆ ಸಾಧ್ಯ ಎಂದು ಅನೇಕರು ಕೇಳುತ್ತಾರೆ. ಗುಟ್ಟು ಇರುವುದು ಹೊತ್ತಿನಲ್ಲಿ. ಆ ಪೆಟ್ಟಿಗೆ ಸೆಕೆಂಡಿಗೊಮ್ಮೆಯಷ್ಟೇ, ಅದೂ ಸೆಕೆಂಡಿನ ಸಾವಿರದ ಒಂದೆರಡು ಪಾಲಿಗಿಂತಲೂ ಕಡಿಮೆ ಹೊತ್ತು, ತಂತಿಗೆ ಮಿಡಿತ ಬಿಡುತ್ತದೆ. ವೋಲ್ಟೇಜ್ ಹೆಚ್ಚು, ಒಟ್ಟು ಶಕ್ತಿ ಅತ್ಯಲ್ಪ. ಆನೆಗೆ ಚುರುಕು ಮುಟ್ಟುತ್ತದೆ, ಪ್ರಾಣ ಹೋಗುವುದಿಲ್ಲ. ಸೋಲಾರ್ ಬೇಲಿಯ ಖರ್ಚು ಉಳಿಸಲು ಮನೆಯ ಕರೆಂಟನ್ನೇ ನೇರವಾಗಿ ಬೇಲಿಗೆ ಹಾಯಿಸುವುದು ಅಪರಾಧ, ಅದರಿಂದ ಆನೆಗಳೂ ಸತ್ತಿವೆ, ಮನುಷ್ಯರೂ ಸತ್ತಿದ್ದಾರೆ. ಬೇಲಿಯ ಒಳಗೆ ಅಟ್ಟಣೆ ಕಟ್ಟಿಕೊಂಡು ಬೆಳೆ ಕಾಯುವ ರೈತ ತಿಂಗಳುಗಟ್ಟಲೆ ಅಲ್ಲೇ ಮಲಗುತ್ತಾನೆ. ಅವನದು ನಿಜವಾದ ಕ್ಯಾಂಪ್. ಬೆಳಿಗ್ಗೆಯಿಂದ ಸಂಜೆಯವರೆಗೆ ಅಟ್ಟಣೆಯ ಮಾಡಿನ ಮೇಲೆ ಬಿದ್ದಿರುವ ಇಪ್ಪತ್ತು ವ್ಯಾಟ್‌ನ ಪ್ಯಾನೆಲ್ ನಮ್ಮ ನೂರು ವ್ಯಾಟ್‌ನ ಫ್ಯಾಷನ್ನಿಗಿಂತ ಹೆಚ್ಚು ದುಡಿಯುತ್ತದೆ.

ಕರ್ನಾಟಕದಲ್ಲಿ ಸಣ್ಣ ಸೋಲಾರನ್ನು ಮನೆಮನೆಗೆ ಮುಟ್ಟಿಸಿದ ಸೆಲ್ಕೋ ಸಂಸ್ಥೆಯ ಕತೆಯಲ್ಲೂ ನಮಗೆ ಬೇಕಾದ ಒಂದು ಅಂಶವಿದೆ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಶುರುಮಾಡಿದ ಕಂಪನಿ ಅದು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕ್ರಮ ಸರಳ. ಪ್ಯಾನೆಲ್ ಮಾರುವ ಮೊದಲು ಆ ಮನೆಯಲ್ಲಿ ದೀಪ ಎಲ್ಲಿ ಬೇಕು, ಎಷ್ಟು ಹೊತ್ತು ಬೇಕು ಎಂದು ಕೇಳುವುದು. ಅಡುಗೆಮನೆಗೆ ಒಂದು, ಮಕ್ಕಳು ಓದುವಲ್ಲಿಗೆ ಒಂದು, ಬೀದಿವ್ಯಾಪಾರಿಯಾದರೆ ಗಾಡಿಗೆ ಸಂಜೆಯ ಕೆಲವು ಗಂಟೆಗೆ ಒಂದು. ಅದಕ್ಕೆ ತಕ್ಕಷ್ಟು ಬ್ಯಾಟರಿ, ಅದಕ್ಕೆ ತಕ್ಕಷ್ಟು ಪ್ಯಾನೆಲ್, ದುಡ್ಡಿಗೆ ಬ್ಯಾಂಕ್ ಸಾಲ. ಬಡವರ ಮನೆಗೆ ಹಾಕಿದ ಈ ಲೆಕ್ಕವನ್ನು ಉಳ್ಳವರ ಟೆಂಟಿಗೆ ಹಾಕಬಾರದೆಂದೇನಿಲ್ಲ.

ಲೆಕ್ಕ ಹಾಕಿದ ಕೂಡಲೇ ಕೆಲವು ಆಸೆಗಳು ತಾವಾಗಿ ಉದುರುತ್ತವೆ. ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಒಂದು ಲೀಟರ್ ನೀರು ಕುದಿಸಲು ಸುಮಾರು 100 ವ್ಯಾಟ್ ಅವರ್ ಬೇಕು. ಅಂದರೆ ಪ್ಯಾನೆಲ್ಲಿನ ದಿನದ ದುಡಿಮೆಯಲ್ಲಿ ಮೂರನೇ ಒಂದು ಪಾಲು ಒಂದು ಸಲದ ಟೀಗೆ ಹೋಯಿತು. ಅದಿರಲಿ, 1500 ವ್ಯಾಟ್‌ನ ಕೆಟಲನ್ನು 300 ವ್ಯಾಟ್‌ನ ಪೆಟ್ಟಿಗೆಗೆ ಸಿಕ್ಕಿಸಿದರೆ ಅದು ಕೀಂಯ್ ಎಂದು ಕೂಗಿ ಕೈಚೆಲ್ಲುತ್ತದೆ. ಇಂಡಕ್ಷನ್ ಒಲೆಯ ಮಾತೇ ಬೇಡ. ಅಡುಗೆಗೆ ಸಣ್ಣ ಗ್ಯಾಸ್ ಒಲೆಯೇ ಸರಿ. ಹನ್ನೆರಡು ವೋಲ್ಟಿನ ಕಾರ್ ಫ್ರಿಜ್ ಓಡುತ್ತದೆ, ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ದಿನಕ್ಕೆ 300ರಿಂದ 500 ವ್ಯಾಟ್ ಅವರ್ ಅದೊಂದೇ ನುಂಗುತ್ತದೆ. ಹಾಲು ಮೊಸರಿಗೆ ಐಸ್ ಪೆಟ್ಟಿಗೆ ಒಯ್ದರೆ ಇನ್ನೂರು ವ್ಯಾಟ್‌ನ ಪ್ಯಾನೆಲ್ಲಿನ ದುಡ್ಡು ಉಳಿಯಿತು.

ಬ್ಯಾಟರಿಯ ವಿಚಾರದಲ್ಲಿ ನಾನು ಜಿಪುಣತನ ಮಾಡಬೇಡಿ ಎನ್ನುವವನು. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆ ತುಸು ಭಾರ, ಆದರೆ ಬಿಸಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ, ಎರಡು ಮೂರು ಸಾವಿರ ಸಲ ಚಾರ್ಜ್ ಮಾಡಬಹುದು. ಮನೆಯ ಯುಪಿಎಸ್‌ನ ಲೆಡ್ ಆ್ಯಸಿಡ್ ಬ್ಯಾಟರಿಯನ್ನೇ ಕಾರಿಗೆ ಎತ್ತಿಹಾಕುವ ಸಾಹಸಿಗಳೂ ಇದ್ದಾರೆ; ಅದನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡುತ್ತಾ ಹೋದರೆ ಬೇಗ ಸಾಯುತ್ತದೆ, ಬಾಗಿದರೆ ಆ್ಯಸಿಡ್ ಚೆಲ್ಲುವ ಭಯ ಬೇರೆ. ಯಾವ ಬ್ಯಾಟರಿಯಾದರೂ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಕೂಡದು. ಪ್ಯಾನೆಲ್ಲಿನ ಹಿಂದಿನ ನೆರಳು ಚೆನ್ನಾಗಿದೆಯಲ್ಲ ಎಂದು ಪೆಟ್ಟಿಗೆಯನ್ನು ಅಲ್ಲೇ ಇಡುವವರನ್ನು ಕಂಡಿದ್ದೇನೆ. ಆ ನೆರಳೂ ಕಾದ ಹೆಂಚಿನ ಹಿಂಬದಿಯೇ. ಮೊಬೈಲ್, ದೀಪಗಳನ್ನು ನೇರ ಯುಎಸ್‌ಬಿಗೇ ಹಾಕಿ. ಅದೇ ಪೆಟ್ಟಿಗೆಯ 230 ವೋಲ್ಟ್ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದರೆ ಎರಡೆರಡು ಸಲ ರೂಪಾಂತರವಾಗಿ ಅಲ್ಲಿಷ್ಟು ಇಲ್ಲಿಷ್ಟು ಸೋರಿಹೋಗುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಪ್ಯಾನೆಲ್ಲಿನ ಚೀಟಿಯಲ್ಲಿ ‘ವಿಓಸಿ’ ಎಂದು ಒಂದು ವೋಲ್ಟೇಜ್ ಬರೆದಿರುತ್ತದೆ. ಪೆಟ್ಟಿಗೆ ತಡೆಯಬಲ್ಲ ಗರಿಷ್ಠ ವೋಲ್ಟೇಜ್ ಇದಕ್ಕಿಂತ ಹೆಚ್ಚಿರಲೇಬೇಕು. ಎರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಈ ವೋಲ್ಟೇಜ್ ಇಮ್ಮಡಿಯಾಗುತ್ತದೆ, ಪೆಟ್ಟಿಗೆ ಸುಡುವುದು ಹೆಚ್ಚಾಗಿ ಹೀಗೆಯೇ. ಬೆಲೆಯ ಮಾತಿಗೆ ಬಂದರೆ ಮಡಚುವ ಪ್ಯಾನೆಲ್‌ಗಿಂತ ಗಾಜು ಹಾಕಿದ ಮಾಮೂಲಿ ಪ್ಯಾನೆಲ್ ಬಹಳ ಅಗ್ಗ, ಬಾಳಿಕೆಯೂ ಹೆಚ್ಚು. ಒಂದೇ ತೋಟಕ್ಕೆ ಮತ್ತೆ ಮತ್ತೆ ಹೋಗುವವರು, ಕಾರಿನ ಕ್ಯಾರಿಯರ್ ಇರುವವರು ಅದನ್ನೇ ಕೊಳ್ಳಬಹುದು. ಬೆನ್ನಿಗೆ ಹೊತ್ತು ಬೆಟ್ಟ ಹತ್ತುವವರಿಗೆ ಎರಡೂ ಬೇಡ, ಒಂದು ಒಳ್ಳೆಯ ಪವರ್ ಬ್ಯಾಂಕ್ ಸಾಕು. ಇನ್ನು ಆಷಾಢದಲ್ಲಿ ಮಡಿಕೇರಿ ಕಡೆ ಹೊರಟವರು ಪ್ಯಾನೆಲ್ ಮನೆಯಲ್ಲೇ ಬಿಡಿ. ದಟ್ಟ ಮೋಡದಲ್ಲಿ ಅದು ಕೊಡುವುದು ಹತ್ತಿಪ್ಪತ್ತು ವ್ಯಾಟ್.

ದೀಪದ ಬಗ್ಗೆ ಒಂದು ಮಾತು ಹೇಳಲೇಬೇಕು. ಅರಣ್ಯದೊಳಗೆ ಅನುಮತಿಯಿಲ್ಲದೆ ಟೆಂಟ್ ಹಾಕುವಂತಿಲ್ಲ. ನಾವು ಇರುವುದು ಖಾಸಗಿ ತೋಟದಲ್ಲೇ. ಆದರೆ ಕಬಿನಿ ದಡದ ತೋಟಕ್ಕೂ ಕಾಡಿಗೂ ನಡುವೆ ಗೋಡೆಯೇನಿಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಲ್ಲಿಸಿದ್ದು 2009ರಿಂದ. ಪ್ರಾಣಿಗಳಿಗೆ ರಾತ್ರಿಯಾದರೂ ನೆಮ್ಮದಿ ಇರಲಿ ಎಂದು. ಅದರ ಪಕ್ಕದಲ್ಲೇ ನಾವು ಬ್ಯಾಟರಿ ತುಂಬಿದೆಯೆಂದು ಬೆಳ್ಳನೆಯ ಫ್ಲಡ್‌ಲೈಟು, ಬಣ್ಣದ ಸರಮಾಲೆ, ಧಮ್ ಧಮ್ ಸ್ಪೀಕರು ಹಚ್ಚಿ ಕೂತರೆ ಯಾವ ನ್ಯಾಯ? ದಸರೆಯಲ್ಲಿ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ನೋಡುವ ಭಾಗ್ಯ ನಮಗೆ ಹೇಗೂ ಇದೆ. ನೆಲಕ್ಕೆ ಮುಖ ಮಾಡಿದ ಹಳದಿ ಬೆಳಕಿನ ಒಂದು ಲಾಟೀನು ಸಾಕು. ಹುಳುಗಳ ಕಾಟವೂ ಕಡಿಮೆ.

ಗೋಕುಲಂ ಓದುಗರಿಗೆ ನನ್ನ ಸಲಹೆ ಇಷ್ಟು. ಒಂದು ರಾತ್ರಿಗೆ ಹೋಗುವವರು ಪ್ಯಾನೆಲ್ ಕೊಳ್ಳಬೇಡಿ, ಒಳ್ಳೆಯ ಬ್ಯಾಟರಿ ಪೆಟ್ಟಿಗೆ ಕೊಂಡು ಮನೆಯಲ್ಲೇ ತುಂಬಿಸಿಕೊಂಡು ಹೋಗಿ. ಎರಡು ಮೂರು ರಾತ್ರಿ ಒಂದೇ ಕಡೆ ಇರುವವರಿಗೆ ನೂರು ವ್ಯಾಟ್ ಪ್ಯಾನೆಲ್ ಸಾರ್ಥಕ. ಕೊಂಡವರು ಮೊದಲು ಒಂದು ಭಾನುವಾರ ತಾರಸಿಯ ಮೇಲೆ, ನೀರು ಕಾಯಿಸುವ ಸೋಲಾರ್ ಪಕ್ಕದಲ್ಲಿ, ತೆಂಗಿನ ಗರಿಯ ನೆರಳು ತಾಗದಂತೆ ಬಿಡಿಸಿಟ್ಟು ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳಿ. ಮಧ್ಯಾಹ್ನ ಹನ್ನೆರಡಕ್ಕೆ ಅರವತ್ತೂ ದಾಟದಿದ್ದರೆ ಬಿಲ್ಲು, ವಾರಂಟಿ ಕಾರ್ಡು ಹಿಡಿದು ಸೋಮವಾರವೇ ಅಂಗಡಿಗೆ ಹೋಗಿ.